ಅಮೆರಿಕದ ಹಗೇವಿನ ಲೆಕ್ಕ, ಪ್ರತಿ ಗುರುವಾರ: ಐದಕ್ಕೆ ನಾಲ್ಕು ಸ್ಟಾರ್

ಗುರುವಾರ ರಾತ್ರಿ ಎಂಟು ಗಂಟೆಗೆ ನನ್ನನ್ನು ಊಟಕ್ಕೆ ಕರೆಯುವುದನ್ನು ನಮ್ಮ ಮನೆಯಲ್ಲಿ ಬಿಟ್ಟಿದ್ದಾರೆ. ಕರೆದರೂ ಏಳುವುದಿಲ್ಲ ಅಂತ ಗೊತ್ತಾಗಿದೆ. ಮೊದಮೊದಲು ಅವ್ವ ಕೇಳುತ್ತಿದ್ದಳು, "ಯಾರ ಮನಿ ಗ್ಯಾಸಿನ ಲೆಕ್ಕಾನೋ ಅದು? ರೊಟ್ಟಿ ಆರಾಕತ್ತಾವ." ಅಮೆರಿಕದ್ದು ಕಣವ್ವಾ ಅಂದರೆ, "ಅವರದ ಅವರು ನೋಡ್ಕೋತಾರ, ನೀ ಉಣ್ಣ ಬಾ" ಅನ್ನುವಳು.

ಅವಳ ಮಾತಿನಲ್ಲಿ ತಪ್ಪೇನಿಲ್ಲ. ಆದರೆ ನಾನು ಎಂಸಿಎಕ್ಸ್ ಎಂಬ ಸರಕು ಪೇಟೆಯಲ್ಲಿ ನ್ಯಾಚುರಲ್ ಗ್ಯಾಸ್ ಫ್ಯೂಚರ್ಸ್, ಅಂದರೆ ಮುಂದಿನ ತಿಂಗಳುಗಳ ದರದ ಮೇಲೆ ಈಗಲೇ ಮಾಡುವ ಒಪ್ಪಂದ, ಆಡುವವನು. ದೊಡ್ಡ ಆಟ ಅಲ್ಲ, ಈಗಂತೂ ಬರೀ ಮಿನಿ ಲಾಟ್. ಮುಂಬೈಯ ಎಕ್ಸ್‌ಚೇಂಜಿನಲ್ಲಿ ರೂಪಾಯಿಯಲ್ಲಿ ಓಡುವ ಈ ದರಕ್ಕೆ ಬೇರು ಇರುವುದು ಅಮೆರಿಕದ ಲೂಸಿಯಾನಾ ರಾಜ್ಯದ ಹೆನ್ರಿ ಹಬ್ ಎಂಬ ಪೈಪ್‌ಲೈನ್ ಕೂಡುವ ಜಾಗದಲ್ಲಿ. ತಿಂಗಳ ಕೊನೆಗೆ ಅಲ್ಲಿನ ಡಾಲರ್ ದರವನ್ನು ರೂಪಾಯಿಗೆ ಗುಣಿಸಿ ಲೆಕ್ಕ ಚುಕ್ತಾ ಮಾಡುತ್ತಾರೆ. ಹಾಗಾಗಿ ಓಹಾಯೋದಲ್ಲಿ ಹಿಮ ಬಿದ್ದರೆ ಬ್ಯಾಡಗಿಯಲ್ಲಿ ನನಗೆ ನೆಗಡಿ.

ನಾನು ವಿಮರ್ಶೆ ಮಾಡಲು ಹೊರಟಿರುವ ಸರಕು ಒಂದು ಪುಟ. ಬರೀ ಒಂದು ಪುಟ, ಅದೂ ಬಿಟ್ಟಿ. ಅಮೆರಿಕ ಸರ್ಕಾರದ ಎನರ್ಜಿ ಇನ್ಫರ್ಮೇಶನ್ ಅಡ್ಮಿನಿಸ್ಟ್ರೇಶನ್, ಚಿಕ್ಕದಾಗಿ ಇಐಎ, ಪ್ರತಿ ಗುರುವಾರ ಅಲ್ಲಿನ ಬೆಳಿಗ್ಗೆ ಹತ್ತೂವರೆಗೆ ಹೊರಗೆ ಬಿಡುವ ನೆಲದಡಿಯ ಗ್ಯಾಸ್ ಸ್ಟಾಕಿನ ವಾರದ ವರದಿ. ನಮಗೆ ಆಗ ರಾತ್ರಿ ಎಂಟು. ನವೆಂಬರಿನಲ್ಲಿ ಅವರು ಗಡಿಯಾರ ಹಿಂದಕ್ಕೆ ಹಾಕಿದ ಮೇಲೆ ಒಂಬತ್ತು. ಹಿಂದಿನ ಶುಕ್ರವಾರ ನೆಲದಡಿ ಎಷ್ಟು ಗ್ಯಾಸ್ ಇತ್ತು, ಅದಕ್ಕೂ ಹಿಂದಿನ ಶುಕ್ರವಾರ ಎಷ್ಟಿತ್ತು, ಹೋದ ವರ್ಷ ಇದೇ ಹೊತ್ತಿಗೆ ಎಷ್ಟಿತ್ತು, ಐದು ವರ್ಷದ ಸರಾಸರಿ ಎಷ್ಟು. ಮುಗೀತು.

ಅಷ್ಟಕ್ಕೇ ದರ ಒಂದೇ ನಿಮಿಷದಲ್ಲಿ ಎರಡು ಮೂರು ರೂಪಾಯಿ ಹಾರಿದ್ದನ್ನು ನೋಡಿದ್ದೇನೆ. ದೊಡ್ಡ ಲಾಟ್ 1,250 ಎಂಎಂಬಿಟಿಯು (ಗ್ಯಾಸಿನ ಶಾಖ ಅಳೆಯುವ ಮಾನ, ದರ ಹೇಳುವುದು ಒಂದೊಂದು ಎಂಎಂಬಿಟಿಯುಗೆ), ಅಂದರೆ ದರ ಒಂದು ರೂಪಾಯಿ ಅಲುಗಿದರೆ ಕೈಗೆ ಬರುವುದೋ ಹೋಗುವುದೋ 1,250 ರೂಪಾಯಿ. 2023ರಲ್ಲಿ ಬಂದ ಮಿನಿ ಲಾಟ್ 250. ನನ್ನಂಥ ಗುಮಾಸ್ತನ ಬಿಪಿಗೆ ಮಿನಿಯೇ ಸಾಕು.

ಹೌದು, ನಾನು ಗುಮಾಸ್ತ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷದಿಂದ ಪಟ್ಟಿ ಬರೆಯುತ್ತಿದ್ದೇನೆ. ಇದನ್ನು ಯಾಕೆ ಹೇಳಿದೆ ಅಂದರೆ, ಸ್ಟಾಕು ಅನ್ನುವ ಪದದ ಬೆಲೆ ಏನು ಅಂತ ನನಗೆ ಚೆನ್ನಾಗಿ ಗೊತ್ತು. ನಮ್ಮಲ್ಲಿ ಜನವರಿಯಿಂದ ಮೂರು ನಾಲ್ಕು ತಿಂಗಳು ಚೀಲಗಳ ಹೊಳೆ ಹರಿಯುತ್ತದೆ. ಉಳಿದದ್ದು ಕೋಲ್ಡ್ ಸ್ಟೋರೇಜಿಗೆ. ಆಮೇಲೆ ವರ್ಷವಿಡೀ ದರ ಕುಣಿಯುವುದು ಆ ಕೋಲ್ಡ್ ಸ್ಟೋರೇಜಿನಲ್ಲಿ ಎಷ್ಟು ಚೀಲ ಕೂತಿವೆ ಎಂಬ ಮಾತಿನ ಮೇಲೆ. ಮಾತು ಅಂದೆ, ಲೆಕ್ಕ ಅನ್ನಲಿಲ್ಲ. ಒಬ್ಬರು ಹೇಳುವುದಕ್ಕೂ ಇನ್ನೊಬ್ಬರು ಹೇಳುವುದಕ್ಕೂ ಐದಾರು ಲಕ್ಷ ಚೀಲ ವ್ಯತ್ಯಾಸ ಇರುತ್ತದೆ. ಮಾಲು ಇಟ್ಟವರು ಸ್ಟಾಕು ಕಡಿಮೆ ಅನ್ನುತ್ತಾರೆ, ಕೊಳ್ಳಲು ಬಂದವರು ಜಾಸ್ತಿ ಅನ್ನುತ್ತಾರೆ. ಚಹಾ ಕುಡಿಯುತ್ತಾ ಇಬ್ಬರ ಮಾತಿಗೂ ತಲೆ ಆಡಿಸುವುದು ನನ್ನ ಕೆಲಸ.

ಹೀಗೆ ಬೆಳೆದವನಿಗೆ ಮೊದಲ ಸಲ ಆ ಪುಟ ನೋಡಿದಾಗ ಏನನ್ನಿಸಿರಬೇಡ! ಒಂದು ದೇಶ ತನ್ನ ಉಗ್ರಾಣದ ಬಾಗಿಲು ತೆರೆದು, ಒಳಗೆ ಇಷ್ಟಿದೆ ನೋಡಿಕೊಳ್ಳಿ ಅನ್ನುತ್ತಿದೆ. ಚಿಕಾಗೋದ ಕೋಟ್ಯಧೀಶನಿಗೂ ನನಗೂ ಒಂದೇ ಹೊತ್ತಿಗೆ. ಅವನ ಕಂಪ್ಯೂಟರ್ ನನ್ನ ಮೊಬೈಲಿಗಿಂತ ಬೇಗ ಓದುತ್ತದೆ, ಆ ಮಾತು ಬೇರೆ.

ಈಗ ಹಗೇವಿನ ಮಾತು. ನನ್ನ ಅಜ್ಜನ ಊರು ಗದಗದ ಕಡೆ. ಎರೆಭೂಮಿ. ಅಲ್ಲಿ ಊರ ಎತ್ತರದ ಜಾಗದಲ್ಲಿ, ನೀರು ನಿಲ್ಲದ ಕಡೆ, ಹಗೇವು ತೋಡುತ್ತಿದ್ದರು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಸುತ್ತ ಕಣಕಿ ಹೊಂದಿಸಿ ಒಳಗೆ ಜೋಳ ಸುರಿದು, ಬಾಯಿಗೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತುವುದು. ಬರ ಬಂದ ವರ್ಷ ತೆಗೆಯುವುದು. ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಒಳಗಿನ ಬಿಸಿ ಗಾಳಿ ಹೋಗಲಿ ಅಂತ ಕಾಯುತ್ತಿದ್ದರು. ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಬಿಡುತ್ತಿದ್ದರು. ದೀಪ ಆರಿದರೆ ಮನುಷ್ಯನೂ ಆರುತ್ತಾನೆ ಅಂತ ಲೆಕ್ಕ.

ಅಮೆರಿಕದವರದೂ ಹಗೇವೇ. ಅಲ್ಲಿ ಇಂಥ 400ರ ಹತ್ತಿರ ಜಾಗಗಳಿವೆ. ಜಾಸ್ತಿ ಇರುವುದು ಗ್ಯಾಸೋ ಎಣ್ಣೆಯೋ ತೆಗೆದು ಖಾಲಿಯಾದ ಹಳೆಯ ಬಾವಿಗಳ ಪ್ರದೇಶಗಳು. ಲಕ್ಷಾಂತರ ವರ್ಷ ಗ್ಯಾಸು ಸೋರದೆ ಕೂತಿದ್ದ ಕಲ್ಲು ಅದು, ಹಾಗಾಗಿ ಮತ್ತೆ ತುಂಬಿದರೂ ಕೂರುತ್ತದೆ ಎಂಬ ನಂಬಿಕೆ. ಇದೇನು ಹೊಸ ಉಪಾಯ ಅಲ್ಲ. 1915ರಲ್ಲಿ ಕೆನಡಾದ ಒಂಟಾರಿಯೋದಲ್ಲಿ ಮಾಡಿ ನೋಡಿದರು, ಮರುವರ್ಷ ನ್ಯೂಯಾರ್ಕ್ ರಾಜ್ಯದ ಬಫಲೋ ಹತ್ತಿರ ಜೋವಾರ್ ಎಂಬಲ್ಲಿ. ಎರಡನೆಯ ಬಗೆ, ಮೊದಲೇ ನೀರು ತುಂಬಿರುವ ಕಲ್ಲಿನ ಪದರದಲ್ಲಿ ನೀರನ್ನು ತಳ್ಳಿ ಗ್ಯಾಸ್ ತುಂಬುವುದು. ಮೂರನೆಯದು ನನಗೆ ಬಹಳ ಇಷ್ಟ. ನೆಲದಡಿ ಉಪ್ಪಿನ ಗುಡ್ಡೆ ಇರುವ ಕಡೆ, ಟೆಕ್ಸಾಸ್, ಲೂಸಿಯಾನಾ ಕಡೆ, ಬಾವಿ ಕೊರೆದು ನೀರು ಬಿಡುತ್ತಾರೆ. ಉಪ್ಪು ಕರಗುತ್ತದೆ. ಉಪ್ಪುನೀರನ್ನು ಹೊರಗೆ ಎಳೆದರೆ ಒಳಗೆ ಒಂದು ದೊಡ್ಡ ಪೊಟರೆ. ಅದಕ್ಕೆ ಗ್ಯಾಸ್. ಹಳೆಯ ಬಾವಿ ವರ್ಷಕ್ಕೊಮ್ಮೆ ತುಂಬಿ ಒಮ್ಮೆ ಖಾಲಿಯಾದರೆ, ಉಪ್ಪಿನ ಗುಹೆ ವರ್ಷಕ್ಕೆ ಹಲವು ಸಲ ತುಂಬಿ ಖಾಲಿಯಾಗುತ್ತದೆ. ಹಗೇವಿಗೂ ಅಡುಗೆಮನೆ ಡಬ್ಬಿಗೂ ಇರುವ ವ್ಯತ್ಯಾಸ ಅಲ್ವಾ ಇದು.

ಇದನ್ನೆಲ್ಲ ಯಾಕೆ ತಿಳಿದುಕೊಳ್ಳಬೇಕು ಅಂದರೆ, ಪುಟದಲ್ಲಿ ಲೆಕ್ಕವನ್ನು ಐದು ಭಾಗವಾಗಿ ಕೊಡುತ್ತಾರೆ: ಪೂರ್ವ, ಮಿಡ್‌ವೆಸ್ಟ್, ಮೌಂಟನ್, ಪೆಸಿಫಿಕ್, ಸೌತ್ ಸೆಂಟ್ರಲ್. ಸೌತ್ ಸೆಂಟ್ರಲ್ ಅನ್ನು ಮಾತ್ರ ಮತ್ತೆ ಎರಡು ಸೀಳು ಮಾಡಿ, ಉಪ್ಪಿನ ಗುಹೆಯದ್ದು ಬೇರೆ, ಉಳಿದದ್ದು ಬೇರೆ ತೋರಿಸುತ್ತಾರೆ. ನಾನು ಒಟ್ಟು ಅಂಕಿ ನೋಡಿದ ಮೇಲೆ ಮೊದಲು ಓಡುವುದು ಆ ಉಪ್ಪಿನ ಸಾಲಿಗೆ. ಚಳಿ ಏಕಾಏಕಿ ಬಿಗಿದಾಗ, ದರ ದಿಢೀರನೆ ಏರಿದಾಗ, ಮೊದಲು ಬಾಯಿ ತೆರೆಯುವುದು ಉಪ್ಪಿನ ಗುಹೆ.

ಅಳತೆ ಬಿಸಿಎಫ್‌ನಲ್ಲಿ. ಒಂದು ಬಿಸಿಎಫ್ ಅಂದರೆ ನೂರು ಕೋಟಿ ಘನ ಅಡಿ. ಆ ದೇಶ ದಿನಕ್ಕೆ ಸರಾಸರಿ 90 ಬಿಸಿಎಫ್ ಆಸುಪಾಸು ಉರಿಸುತ್ತದೆ. 2016ರ ನವೆಂಬರ್ 11ರಂದು ಹಗೇವು 4,047 ಬಿಸಿಎಫ್‌ವರೆಗೆ ತುಂಬಿತ್ತು. 2014ರ ಮಾರ್ಚ್ ಕೊನೆಗೆ, ಆ ಭಯಂಕರ ಚಳಿ ಮುಗಿದಾಗ, 800ರ ಮೇಲೆ ಚೂರು ಉಳಿದಿತ್ತು ಅಷ್ಟೇ. ಇಷ್ಟು ಏರಿಳಿತ. ಏಪ್ರಿಲ್‌ನಿಂದ ಅಕ್ಟೋಬರ್ ತನಕ ತುಂಬುವ ಕಾಲ, ನವೆಂಬರಿನಿಂದ ಮಾರ್ಚ್ ತನಕ ತೆಗೆಯುವ ಕಾಲ.

ಇಲ್ಲಿ ನನಗೆ ಒಂದು ತಮಾಷೆ ಕಾಣುತ್ತದೆ. ನಮ್ಮ ಮೆಣಸಿನಕಾಯಿ ಮೂರು ನಾಲ್ಕು ತಿಂಗಳು ಒಮ್ಮೆಲೇ ಬರುತ್ತದೆ, ತಿನ್ನುವವರು ವರ್ಷವಿಡೀ ಒಂದೇ ಸಮ ತಿನ್ನುತ್ತಾರೆ. ಗ್ಯಾಸು ತದ್ವಿರುದ್ಧ. ಬಾವಿಯಿಂದ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಸಮ ಬರುತ್ತದೆ, ಉರಿಯುವುದು ಚಳಿಯಲ್ಲಿ ಒಮ್ಮೆಲೇ. ಎರಡರ ನಡುವೆ ಉಗ್ರಾಣ ಇಟ್ಟವನು ಅಗ್ಗದ ತಿಂಗಳಿಗೂ ತುಟ್ಟಿ ತಿಂಗಳಿಗೂ ಇರುವ ಅಂತರದಲ್ಲಿ ಬಾಡಿಗೆ, ಬಡ್ಡಿ, ಲಾಭ ಎಲ್ಲ ದುಡಿದುಕೊಳ್ಳಬೇಕು. ಆ ಅಂತರ ಸಣ್ಣದಾದರೆ ಯಾರೂ ತುಂಬುವುದಿಲ್ಲ. ನಮ್ಮಲ್ಲೂ ಅಷ್ಟೇ.

ಪುಟದ ಅಂದಚೆಂದದ ಬಗ್ಗೆ ಹೇಳುವುದಾದರೆ, ಅಂದವೂ ಇಲ್ಲ, ಚೆಂದವೂ ಇಲ್ಲ. ಮೇಲೆ ಒಂದು ಕೋಷ್ಟಕ, ಅದರ ಕೆಳಗೆ ಎರಡು ಮೂರು ಸಾಲು ಮಾತು, ಅದರ ಕೆಳಗೆ ಒಂದು ಚಿತ್ರ. ಚಿತ್ರದಲ್ಲಿ ಐದು ವರ್ಷದ ಗರಿಷ್ಠ ಕನಿಷ್ಠವನ್ನು ಬೂದು ಪಟ್ಟೆಯಾಗಿ ಬಳಿದು, ಈ ವರ್ಷದ ಗೆರೆ ಅದರ ಮೇಲೆ ಓಡುತ್ತದೆ. ಗೆರೆ ಪಟ್ಟೆಯ ತಳಕ್ಕೆ ಇಳಿದರೆ ತೇಜಿಯವರಿಗೆ, ಅಂದರೆ ದರ ಏರಲಿ ಅನ್ನುವವರಿಗೆ ಹಬ್ಬ, ಮೇಲಕ್ಕೆ ಹೋದರೆ ದರ ಇಳಿಯಲಿ ಅನ್ನುವ ಮಂದಿಯವರಿಗೆ. ಜಾಹೀರಾತು ಇಲ್ಲ, ಮೊಬೈಲ್ ನಂಬರ್ ಕೇಳುವುದಿಲ್ಲ, ಓಟಿಪಿ ಇಲ್ಲ. ಒಂದು ಕಾಲಕ್ಕೆ ನಾನು ತಿಂಗಳಿಗೆ ಮೂರು ಸಾವಿರ ಕೊಟ್ಟು ಒಂದು ಟಿಪ್ಸ್ ಗುಂಪಿನಲ್ಲಿದ್ದೆ. ಅವರು ಇದೇ ಅಂಕಿಯನ್ನು ಏಳು ನಿಮಿಷ ತಡವಾಗಿ, ರಾಕೆಟ್ಟಿನ ಚಿತ್ರ ಹಚ್ಚಿ ಕಳಿಸುತ್ತಿದ್ದರು. ಎರಡು ತಿಂಗಳಿಗೆ ಆರು ಸಾವಿರ. ರಾಕೆಟ್ಟಿಗೆ ಅಂತ ಬರೆದುಕೊಂಡೆ.

ಲೆಕ್ಕ ಎಷ್ಟು ನಂಬಬಹುದು? 2002ರ ಮೇ ತಿಂಗಳಿಂದ ಇಐಎ ಈ ಕೆಲಸ ಮಾಡುತ್ತಿದೆ. ಅದಕ್ಕೂ ಮೊದಲು ಗ್ಯಾಸ್ ಕಂಪನಿಗಳ ಸಂಘವೇ ಮಾಡುತ್ತಿತ್ತು. ಈಗಲೂ ಎಲ್ಲ ಉಗ್ರಾಣದವರನ್ನೂ ಪ್ರತಿ ವಾರ ಕೇಳುವುದಿಲ್ಲ. ಆಯ್ದ ಕಂಪನಿಗಳಿಂದ ಶುಕ್ರವಾರ ಬೆಳಿಗ್ಗೆಯ ಅಂಕಿ ತರಿಸಿಕೊಂಡು, ಉಳಿದದ್ದನ್ನು ಅಂದಾಜು ಮಾಡುತ್ತಾರೆ. ತಿಂಗಳ ಲೆಕ್ಕಕ್ಕೆ ಮಾತ್ರ ಎಲ್ಲರೂ ಬರೆದು ಕೊಡಬೇಕು. ತಪ್ಪು ಆಗಿಲ್ಲವೇ ಅಂದರೆ ಆಗಿದೆ. 2004ರ ನವೆಂಬರಿನಲ್ಲಿ ಒಂದು ಕಂಪನಿ ತಪ್ಪು ಅಂಕಿ ಬರೆದು ಕಳಿಸಿತು. ಹಗೇವಿನಿಂದ 49 ಬಿಸಿಎಫ್ ಹೊರಗೆ ಹೋಯಿತು ಅಂತ ಪ್ರಕಟವಾಯಿತು. ಒಂದೇ ದಿನದಲ್ಲಿ ದರ ಒಂದು ಡಾಲರಿಗೂ ಜಾಸ್ತಿ ಏರಿತು. ಆಮೇಲೆ ತಿದ್ದಿದರು, ಅಷ್ಟರಲ್ಲಿ ಯಾರ ಯಾರ ಮನೆ ಮುಳುಗಿತ್ತೋ. ಗುಮಾಸ್ತನ ಕೈ ಜಾರಿದರೆ ಏನಾಗುತ್ತದೆ ಅಂತ ಕೇಳುವ ನನ್ನ ಸಾಹುಕಾರರಿಗೆ ನಾನು ಈ ಕಥೆ ಹೇಳಿಲ್ಲ.

ನನ್ನ ಸ್ವಂತ ಮುಳುಗಡೆ 2021ರ ಜೂನ್‌ನಲ್ಲಿ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಈ ಪುಟವನ್ನು ಹೇಗೆ ಓದಬಾರದು ಅನ್ನುವುದು ಇದರಲ್ಲಿದೆ. ತುಂಬುವ ಕಾಲ ಅದು. ನನ್ನ ಲೆಕ್ಕದಲ್ಲಿ ಆ ವಾರ 70ರ ಆಸುಪಾಸು ತುಂಬಿರಬೇಕಿತ್ತು. ಎಂಟು ಗಂಟೆಗೆ ಪುಟ ತೆರೆದರೆ, ಏರಿಕೆ 16! ಬರೀ ಹದಿನಾರು. ಮೈಯೆಲ್ಲ ಬಿಸಿಯಾಯಿತು. ಇಷ್ಟು ಕಡಿಮೆ ತುಂಬಿದೆ ಅಂದರೆ ಚಳಿಗಾಲಕ್ಕೆ ಗ್ಯಾಸು ಸಾಲುವುದಿಲ್ಲ, ತೇಜಿ ಗ್ಯಾರಂಟಿ ಅಂತ ಎರಡು ದೊಡ್ಡ ಲಾಟ್ ಕೊಂಡೆ. ಕೈ ನಡುಗುತ್ತಿತ್ತು. ಸಂತೋಷಕ್ಕೆ.

ದರ ನನ್ನ ಜೊತೆ ಬರಲಿಲ್ಲ. ಯಾಕೆ ಅಂತ ಮತ್ತೆ ಪುಟ ನೋಡಿದೆ. 16ರ ಪಕ್ಕದಲ್ಲೇ, ಇನ್ನೊಂದು ಕಂಬದಲ್ಲಿ, 67 ಅಂತ ಇತ್ತು. ಮೊದಲನೆಯದು ಸ್ಟಾಕಿನಲ್ಲಿ ಆದ ಬದಲಾವಣೆ. ಎರಡನೆಯದು ನಿಜವಾಗಿ ಒಳಗೆ ಹೋದ ಗ್ಯಾಸು. ನಡುವಿನ 51 ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಿರಲಿಲ್ಲ. ಕ್ಯಾಲಿಫೋರ್ನಿಯಾದ ಒಂದು ಕಂಪನಿ 51 ಬಿಸಿಎಫ್ ಗ್ಯಾಸನ್ನು ವರ್ಕಿಂಗ್ ಗ್ಯಾಸ್, ಅಂದರೆ ತೆಗೆದು ಮಾರಬಹುದಾದ ಗ್ಯಾಸಿನ ಲೆಕ್ಕದಿಂದ ಬೇಸ್ ಗ್ಯಾಸ್ ಲೆಕ್ಕಕ್ಕೆ ಬರೆದುಕೊಂಡಿತ್ತು. ಗ್ಯಾಸು ಇದ್ದಲ್ಲೇ ಇತ್ತು, ಖಾತೆ ಬದಲಾಗಿತ್ತು. ಪುಟದಲ್ಲೇ ಸ್ಪಷ್ಟವಾಗಿ ಬರೆದಿದ್ದರು. ಓದದೆ ಓಡಿದವನು ನಾನು. ಎರಡು ಲಾಟಿಗೆ ನಾಲ್ಕು ಸಾವಿರದ ಮೇಲೆ ಹೋಯಿತು. ಹತ್ತೊಂಬತ್ತು ವರ್ಷ ಪಟ್ಟಿ ಬರೆಯುವವನು, ಖಾತೆ ಬದಲಾವಣೆಗೂ ಮಾಲು ಸಾಗಾಟಕ್ಕೂ ವ್ಯತ್ಯಾಸ ತಿಳಿಯದೆ ಕೂತಿದ್ದೆ.

ಬೇಸ್ ಗ್ಯಾಸ್ ಅಂದರೆ ಏನು ಅಂತ ಅವತ್ತು ರಾತ್ರಿ ಕೂತು ಓದಿದೆ. ಸೈಕಲ್ ಟ್ಯೂಬಿನ ವಾಲ್ವ್ ತೆಗೆದರೆ ಮೊದಲು ಬುಸ್ಸಂತ ಗಾಳಿ ಬರುತ್ತದೆ, ಆಮೇಲೆ ಸುಮ್ನೆ ಸೂಂಯ್ ಅನ್ನುತ್ತದೆ, ಒಳಗೆ ಗಾಳಿ ಇದ್ದರೂ ಹೊರಗೆ ಬರುವುದಿಲ್ಲ. ಹಗೇವಿನ ಗ್ಯಾಸೂ ಹಾಗೇ. ಒಂದಷ್ಟು ಗ್ಯಾಸನ್ನು ಒತ್ತಡಕ್ಕೆ ಅಂತಲೇ ಒಳಗೆ ಬಿಟ್ಟಿರಬೇಕು. ಅದನ್ನು ಮಾರುವಂತಿಲ್ಲ. ಅದೇ ಬೇಸ್ ಗ್ಯಾಸ್. ಅದು ಸಣ್ಣ ಪ್ರಮಾಣ ಅಂದುಕೊಂಡಿದ್ದೆ. ಅಲ್ಲ. ಹಗೇವು ಪೂರ್ತಿ ತುಂಬಿದಾಗ ಇರುವ ವರ್ಕಿಂಗ್ ಗ್ಯಾಸಿನಷ್ಟೇ ಬೇಸ್ ಗ್ಯಾಸೂ ಕೆಳಗೆ ಕೂತಿರುತ್ತದೆ. ಗುರುವಾರದ ಪುಟ ಹೇಳುವುದು ವರ್ಕಿಂಗ್ ಗ್ಯಾಸಿನ ಲೆಕ್ಕ ಮಾತ್ರ.

ಎರಡನೆಯ ಪಾಠ ಇನ್ನೂ ಕಹಿ. ಸ್ಟಾಕು ಕಡಿಮೆಯಾದರೆ ದರ ಏರಬೇಕು, ಅಲ್ವಾ? ಇಲ್ಲ. ಎಷ್ಟು ಕಡಿಮೆಯಾಗುತ್ತದೆ ಅಂತ ಜನ ಮೊದಲೇ ಅಂದುಕೊಂಡಿದ್ದರೋ, ಅದಕ್ಕಿಂತಲೂ ಜಾಸ್ತಿ ಇಳಿದರೆ ಏರುತ್ತದೆ. ನೂರಾ ಐವತ್ತು ಹೊರಗೆ ಹೋಗುತ್ತದೆ ಅಂತ ಎಲ್ಲರೂ ಕಾದಿರುವಾಗ ನೂರಾ ಮೂವತ್ತು ಹೋದರೆ, ಹಗೇವು ಖಾಲಿಯಾಗುತ್ತಿದ್ದರೂ ದರ ಬೀಳುತ್ತದೆ. ಆ ಅಂದಾಜು ಈ ಪುಟದಲ್ಲಿ ಇರುವುದಿಲ್ಲ. ಅದನ್ನು ಬೇರೆ ಕಡೆ ಹುಡುಕಿಕೊಂಡು ಬರಬೇಕು. ಪುಟಕ್ಕೆ ನಾನು ಒಂದು ಸ್ಟಾರ್ ಕಡಿಮೆ ಕೊಟ್ಟದ್ದಕ್ಕೆ ಇದು ಕಾರಣ ಅಲ್ಲ. ಸರ್ಕಾರಿ ಇಲಾಖೆ ಕಣಿ ಹೇಳಬೇಕು ಅಂತ ಕೇಳುವುದು ತಪ್ಪು.

ಕಾರಣ ಬೇರೆ. ಈ ಲೆಕ್ಕ ಹಳಸಲು. ಶುಕ್ರವಾರದ ಅಂಕಿ ನಮ್ಮ ಕೈಗೆ ಬರುವುದು ಮುಂದಿನ ಗುರುವಾರ, ಆರು ದಿನ ಆದ ಮೇಲೆ. ಅಷ್ಟರಲ್ಲಿ ಹವಾಮಾನದ ಮುನ್ಸೂಚನೆ ನಾಲ್ಕು ಸಲ ಮಗುಚಿರುತ್ತದೆ. ಜನವರಿಯಲ್ಲಿ ನಾನು ನೋಡಿದ ಹಾಗೆ, ವರದಿ ಭರ್ಜರಿ ತೇಜಿಯಾಗಿ ಬಂದರೂ ಹದಿನೈದು ನಿಮಿಷದಲ್ಲಿ ದರ ಸೋಲುತ್ತದೆ, ಯಾಕೆಂದರೆ ಮುಂದಿನ ಎರಡು ವಾರ ಬೆಚ್ಚಗಿರುತ್ತದೆ ಅಂತ ಯಾವುದೋ ಕಂಪ್ಯೂಟರ್ ಹೇಳಿರುತ್ತದೆ. ಮಾರುಕಟ್ಟೆ ಮುಂದೆ ನೋಡುತ್ತಿರುತ್ತದೆ, ಪುಟ ಹಿಂದೆ ನೋಡುತ್ತಿರುತ್ತದೆ.

2022ರ ಜೂನ್ 8ರಂದು ಟೆಕ್ಸಾಸಿನ ಫ್ರೀಪೋರ್ಟ್ ಎಲ್‌ಎನ್‌ಜಿ ಘಟಕದಲ್ಲಿ ಸ್ಫೋಟ ಆಯಿತು. ಗ್ಯಾಸನ್ನು ತಣ್ಣಗೆ ಮಾಡಿ ದ್ರವವಾಗಿಸಿ ಹಡಗಿಗೆ ತುಂಬುವ ಘಟಕ ಅದು, ದಿನಕ್ಕೆ 2 ಬಿಸಿಎಫ್ ನುಂಗುತ್ತಿತ್ತು. ಅದು ನಿಂತರೆ ವಾರಕ್ಕೆ 14 ಬಿಸಿಎಫ್ ಊರಲ್ಲೇ ಉಳಿಯುತ್ತದೆ, ಹಗೇವಿಗೆ ಬೀಳುತ್ತದೆ. ಯೂರೋಪ್ ಗ್ಯಾಸಿಗೆ ಬಾಯಿಬಿಡುತ್ತಿದ್ದಾಗ ಅಮೆರಿಕದಲ್ಲಿ ದರ ಕುಸಿಯಿತು. ದುರಸ್ತಿಗೆ ಇನ್ನೂ ಸಮಯ ಬೇಕು ಅಂತ ಗೊತ್ತಾದ ದಿನವಂತೂ ಒಂದೇ ಏಟಿಗೆ ನೂರಕ್ಕೆ ಹದಿನಾರರಷ್ಟು. ಗುರುವಾರದ ಪುಟದಲ್ಲಿ ಅದರ ಗುರುತು ಕಾಣಿಸುವ ಹೊತ್ತಿಗೆ ದರದಲ್ಲಿ ಎಲ್ಲ ಮುಗಿದಿತ್ತು. ಅದೃಷ್ಟಕ್ಕೆ ಆ ವಾರ ನನ್ನ ಕೈಯಲ್ಲಿ ಏನೂ ಇರಲಿಲ್ಲ. ತಂಗಿಯ ಮಗಳ ಮದುವೆ ಇತ್ತು.

ಇನ್ನೊಂದು ಕೊರತೆ. ಒಟ್ಟು ಸ್ಟಾಕು ಚೆನ್ನಾಗಿದೆ ಅಂದ ಮಾತ್ರಕ್ಕೆ ಬೇಕಾದ ಊರಿನಲ್ಲಿ ಬೇಕಾದ ದಿನ ಗ್ಯಾಸು ಇದೆ ಅಂತ ಅಲ್ಲ. 2021ರ ಫೆಬ್ರವರಿಯಲ್ಲಿ ಟೆಕ್ಸಾಸ್, ಓಕ್ಲಹೋಮಾ ಕಡೆ ಅಪರೂಪದ ಚಳಿ ಬಿತ್ತು. ಬಾವಿಯ ಬಾಯಿಗಳೇ ಹೆಪ್ಪುಗಟ್ಟಿದವು, ಕರೆಂಟು ಹೋಯಿತು. ಫೆಬ್ರವರಿ 19ಕ್ಕೆ ಮುಗಿದ ಆ ವಾರ ಹಗೇವಿನಿಂದ 338 ಬಿಸಿಎಫ್ ತೆಗೆದರು. ಓಕ್ಲಹೋಮಾದಲ್ಲಿ ಅವತ್ತಿಗೆ ಅವತ್ತೇ ಬೇಕು ಅಂದವರಿಗೆ ಗ್ಯಾಸಿನ ದರ ಸಾವಿರ ಡಾಲರ್ ಹತ್ತಿರ ಹೋಯಿತು. ಅದೇ ಹೊತ್ತಿಗೆ ನಾವು ಆಡುವ ಫ್ಯೂಚರ್ಸ್ ದರ ಮೂರು ಡಾಲರಿನ ಆಸುಪಾಸು! ಒಂದೇ ದೇಶ, ಒಂದೇ ಸರಕು. ಜೋಳ ಗದಗದ ಹಗೇವಿನಲ್ಲಿ ತುಂಬಿದ್ದರೆ ಹಾವೇರಿಯಲ್ಲಿ ಹಸಿದವನಿಗೆ ಏನು ಬಂತು, ನಡುವೆ ಹಳ್ಳ ತುಂಬಿ ಹರಿಯುತ್ತಿರುವಾಗ?

ಇದಕ್ಕೆ ಪೈಪೋಟಿಯ ಸರಕು ಇದೆಯೇ ಅಂದರೆ, ಯೂರೋಪಿನಲ್ಲಿದೆ. ಅಲ್ಲಿನ ಉಗ್ರಾಣದವರ ಸಂಘ ನಡೆಸುವ ಎಜಿಎಸ್‌ಐ ಎಂಬ ತಾಣ. ಅದು ವಾರಕ್ಕೊಮ್ಮೆ ಅಲ್ಲ, ದಿನಾ ಬದಲಾಗುತ್ತದೆ. ದೇಶದ ಹೆಸರು ಒತ್ತಿದರೆ ಹಗೇವು ನೂರಕ್ಕೆ ಎಷ್ಟು ತುಂಬಿದೆ ಅಂತ ತೋರಿಸುತ್ತದೆ. ನೋಡಲು ಇದೇ ಚೆಂದ. 2021ರ ಶರತ್ಕಾಲದಲ್ಲಿ ಜರ್ಮನಿಯ ರೇಡನ್ ಎಂಬ ದೊಡ್ಡ ಹಗೇವು, ಆಗ ರಷ್ಯಾದ ಗಾಜ್‌ಪ್ರೋಮ್ ಕೈಯಲ್ಲಿದ್ದದ್ದು, ಬಹುಪಾಲು ಖಾಲಿ ಕೂತಿತ್ತು. ತಾಣ ತೆರೆದು ನೋಡಿದ ಯಾರಿಗೂ ಕಾಣುವಂತಿತ್ತು. ಮುಂದಿನ ಫೆಬ್ರವರಿಯಲ್ಲಿ ಯುದ್ಧ. ಆಮೇಲೆ ಯೂರೋಪಿನವರು ಆ ವರ್ಷದ ನವೆಂಬರ್ ಹೊತ್ತಿಗೆ ಹಗೇವು ನೂರಕ್ಕೆ ಎಂಬತ್ತು ತುಂಬಿರಲೇಬೇಕು ಅಂತ ಕಾನೂನು ಮಾಡಿದರು. ಎಲ್ಲರೂ ಒಟ್ಟಿಗೆ ತುಂಬಲು ಓಡಿದರೆ ಏನಾಗುತ್ತದೆ? 2022ರ ಆಗಸ್ಟಿನಲ್ಲಿ ಅಲ್ಲಿನ ದರ ಮೆಗಾವ್ಯಾಟ್ ಗಂಟೆಗೆ 300 ಯೂರೋ ದಾಟಿತು. ಸಂತೆಯಲ್ಲಿ ಎಲ್ಲರಿಗೂ ಒಂದೇ ದಿನ ಈರುಳ್ಳಿ ಬೇಕಾದ ಹಾಗೆ. ಚೆಂದದಲ್ಲಿ ಎಜಿಎಸ್‌ಐ ಮೇಲು, ಆದರೆ ನಮ್ಮ ಎಂಸಿಎಕ್ಸ್ ದರ ಹೆನ್ರಿ ಹಬ್ ಬಾಲ ಹಿಡಿದಿರುವುದರಿಂದ ನನಗೆ ಗುರುವಾರವೇ ಗತಿ.

ಹೊಸಬರಿಗೆ ಒಂದು ಎಚ್ಚರಿಕೆ. ಮಾರ್ಚ್ ಮತ್ತು ಏಪ್ರಿಲ್ ಕಾಂಟ್ರಾಕ್ಟುಗಳ ಅಂತರದ ಮೇಲೆ ಆಡುವ ಆಟಕ್ಕೆ ಅಮೆರಿಕದಲ್ಲಿ ವಿಡೋ ಮೇಕರ್, ಅಂದರೆ ಹೆಂಡತಿಯನ್ನು ವಿಧವೆ ಮಾಡುವ ಆಟ ಅಂತ ಹೆಸರು. ಮಾರ್ಚ್ ತೆಗೆಯುವ ಕಾಲದ ಕೊನೆ ತಿಂಗಳು, ಏಪ್ರಿಲ್ ತುಂಬುವ ಕಾಲದ ಮೊದಲ ತಿಂಗಳು. ಹಗೇವಿನ ತಳ ಕಂಡರೆ ಮಾರ್ಚ್ ಆಕಾಶಕ್ಕೆ, ಇಲ್ಲವಾದರೆ ಎರಡೂ ಒಂದೇ. 2006ರ ಸೆಪ್ಟೆಂಬರಿನಲ್ಲಿ ಅಮರಾಂತ್ ಎಂಬ ಫಂಡು ಮುಖ್ಯವಾಗಿ ಇಂಥದ್ದೇ ಆಟದಲ್ಲಿ 600 ಕೋಟಿ ಡಾಲರಿಗೂ ಜಾಸ್ತಿ ಕಳೆದುಕೊಂಡು ಬಾಗಿಲು ಹಾಕಿತು. ಹಗೇವು ಆ ವರ್ಷ ತುಂಬಿತ್ತು. ಪುಟದಲ್ಲಿ ಎಲ್ಲರಿಗೂ ಕಾಣುತ್ತಿತ್ತು.

ಹಾಗೆಯೇ, ಎಲ್ಲವೂ ನೆಲದಡಿ ಭದ್ರ ಅಂತಲೂ ಅಲ್ಲ. 2015ರ ಅಕ್ಟೋಬರಿನಲ್ಲಿ ಲಾಸ್ ಏಂಜಲೀಸ್ ಹತ್ತಿರದ ಅಲಿಸೋ ಕ್ಯಾನ್ಯನ್ ಹಗೇವಿನ ಒಂದು ಹಳೆಯ ಬಾವಿ ಸೋರಲು ಶುರುವಾಗಿ, ನಿಲ್ಲಿಸಲು ಮರುವರ್ಷದ ಫೆಬ್ರವರಿ ಬೇಕಾಯಿತು. ಸಾವಿರಾರು ಮನೆಯವರು ಊರು ಬಿಟ್ಟರು. ಒಂದು ಲಕ್ಷ ಟನ್ನಿನ ಹತ್ತಿರ ಮೀಥೇನ್ ಗಾಳಿಗೆ ಹೋಯಿತು. ದೀಪ ಬಿಟ್ಟು ನೋಡುವ ನಮ್ಮ ಅಜ್ಜನ ಭಯ ಸುಳ್ಳಲ್ಲ.

ನಮ್ಮ ದೇಶದ್ದೇನು ಅಂತ ಕೇಳುತ್ತೀರಿ. ನಮ್ಮಲ್ಲಿ ನ್ಯಾಚುರಲ್ ಗ್ಯಾಸಿಗೆ ಇಂಥ ಹಗೇವು ಇಲ್ಲ. ಮಂಗಳೂರಿನಲ್ಲೂ ಪಾದೂರಿನಲ್ಲೂ ಬಂಡೆ ಕೊರೆದು ಗುಹೆ ಮಾಡಿದ್ದಾರೆ, ಆದರೆ ಅದು ಕಚ್ಚಾ ತೈಲಕ್ಕೆ. ಮಂಗಳೂರಿನದು 15 ಲಕ್ಷ ಟನ್, ಪಾದೂರಿನದು 25 ಲಕ್ಷ ಟನ್. ದಾಭೋಳದಿಂದ ಬೆಂಗಳೂರಿಗೆ ಹೋಗುವ ಗ್ಯಾಸ್ ಪೈಪ್‌ಲೈನ್ ನಮ್ಮ ಉತ್ತರ ಕರ್ನಾಟಕದ ಮೇಲೆಯೇ ಹಾದು ಹೋಗುತ್ತದೆ. ಅದರ ಹೊಟ್ಟೆಯಲ್ಲಿ ಎಷ್ಟಿದೆಯೋ ಅಷ್ಟು, ಬಂದರಿನ ಟ್ಯಾಂಕಿನಲ್ಲಿ ಎಷ್ಟಿದೆಯೋ ಅಷ್ಟು. ಹಗೇವೇ ಇಲ್ಲದವರಿಗೆ ಹಗೇವಿನ ಲೆಕ್ಕ ಎಲ್ಲಿಂದ ಬರಬೇಕು.

ಸೇವೆಯ ಸಮಯಪಾಲನೆಗೆ ಪೂರ್ತಿ ಅಂಕ. ಅವರ ಹಬ್ಬ ಹರಿದಿನ ಬಂದರೆ ಮಾತ್ರ ದಿನ ಹಿಂದೆ ಮುಂದೆ ಆಗುತ್ತದೆ, ಅದನ್ನೂ ಮೊದಲೇ ಪಟ್ಟಿ ಮಾಡಿ ಹಾಕಿರುತ್ತಾರೆ. ಥ್ಯಾಂಕ್ಸ್‌ಗಿವಿಂಗ್ ವಾರದಲ್ಲಿ ಬುಧವಾರ ಮಧ್ಯಾಹ್ನ ಬಿಡುತ್ತಾರೆ, ನಮಗೆ ಆಗ ರಾತ್ರಿ ಹತ್ತೂವರೆ. ಒಂದು ವರ್ಷ ಇದು ತಿಳಿಯದೆ ಗುರುವಾರ ರಾತ್ರಿ ಒಂಬತ್ತಕ್ಕೆ ಕಾದು ಕೂತಿದ್ದೆ. ಅವ್ವ ನೋಡಿದಳು. "ಇವತ್ತ ಅವರ ಮನ್ಯಾಗ ಗ್ಯಾಸ ಖಾಲಿ ಆಗೇತೇನು?" ಅಂದಳು.

ಹೋದ ತಿಂಗಳು ಒಂದು ಗುರುವಾರ ಅಂಗಡಿಯಲ್ಲಿ ಕೆಲಸ ತಡವಾಗಿ, ಎಂಟಕ್ಕೆ ಅಲ್ಲೇ ಮೊಬೈಲ್ ತೆರೆದೆ. ಸಾಹುಕಾರರು ಇಣುಕಿದರು. ಏನಿದು ಅಂತ ಕೇಳಿದರು, ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಯಾವ ಸೀಮೆಯ ಹಗೇವಿನಲ್ಲಿ ಎಷ್ಟಿದೆ ಅಂತ ಸಾಲು ಸಾಲಾಗಿ ಬರೆದದ್ದನ್ನು ಬೆರಳಿಟ್ಟು ನೋಡಿದರು.

"ಇದನ್ನ ನೋಡಾಕ ರೊಕ್ಕ ಎಷ್ಟ ಕೊಡ್ತಿ?"

"ಏನೂ ಇಲ್ರೀ ಸಾಹುಕಾರ್ರ, ಬಿಟ್ಟಿ."

"ಎಲ್ಲಾರಿಗೂ ಕಾಣ್ತೈತಿ?"

"ಎಲ್ಲಾರಿಗೂ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಹೊರಗೆ ಹಮಾಲರು ಲಾರಿಗೆ ಹಗ್ಗ ಬಿಗಿಯುತ್ತಿದ್ದರು. "ನಮ್ಮ ಕಾಯಿಗೂ ಇಂಥಾದೊಂದು ಮಾಡ್ಯಾರು ಮತ್ತ" ಅಂದರು, ಅದು ಆಸೆಯೋ ಭಯವೋ ಗೊತ್ತಾಗಲಿಲ್ಲ. ಆಮೇಲೆ ಅವರೇ ನಕ್ಕರು. "ಬ್ಯಾಡ ಬಿಡಪಾ. ಎಲ್ಲಾರಿಗೂ ಗೊತ್ತಾದ್ರ ನಮಗೇನ ಉಳೀತು?"

ನಾನೂ ನಕ್ಕೆ. ಆದರೆ ಅದಾದ ಮೇಲೆ ಒಂದು ನೂರು ಪುಟದ ನೋಟ್‌ಬುಕ್ ಕೊಂಡಿದ್ದೇನೆ. ಪ್ರತಿ ಶುಕ್ರವಾರ ಸಂಜೆ ನನಗೆ ಪರಿಚಯ ಇರುವ ಮೂರು ಕೋಲ್ಡ್ ಸ್ಟೋರೇಜಿನ ಗುಮಾಸ್ತರಿಗೆ ಫೋನ್ ಮಾಡಿ, ಎಷ್ಟು ಚೀಲ ಒಳಗೆ, ಎಷ್ಟು ಹೊರಗೆ ಅಂತ ಕೇಳಿ ಬರೆದುಕೊಳ್ಳುತ್ತೇನೆ. ಕಾಯಿಯ ಬಗೆಯ ಪ್ರಕಾರ ಡಬ್ಬಿ ಬೇರೆ, ಕಡ್ಡಿ ಬೇರೆ, ಗುಂಟೂರು ಬೇರೆ. ಮೂವರಲ್ಲಿ ಇಬ್ಬರು ಹೇಳುತ್ತಾರೆ. ಸಾಹುಕಾರರಿಗೆ ಇನ್ನೂ ಹೇಳಿಲ್ಲ.